ರಾಕೆಟ್ ನೋಡಲು ಹೋಗಿ ಪ್ಯಾಚ್ ಕೊಂಡು ಬಂದೆವು

ಸೋಮವಾರ, ವಾಷಿಂಗ್ಟನ್

ಅಮೆರಿಕದ ಬಾಹ್ಯಾಕಾಶ ಸಂಗ್ರಹಾಲಯಗಳನ್ನು ನೋಡಿ ಬಂದವರು ರಾಕೆಟ್ ಬಗ್ಗೆ ಬರೆಯುತ್ತಾರೆ. ಅಂಗಡಿಯ ಬಗ್ಗೆ ಯಾರೂ ಬರೆಯಲ್ಲ. ಹಾಗಂತ ಅಂಗಡಿಗೆ ಕಾಲಿಡದೆ ಬಂದವರನ್ನು ನಾನಂತೂ ಕಂಡಿಲ್ಲ. ನಾನು ಈ ಸಲ ಹೊರಟಿದ್ದೇ ಅಂಗಡಿಗಳ ಆಸೆಗೆ. ಜೊತೆಗೆ ಅಕ್ಕನ ಮಗ. ಇಲ್ಲೇ ಓದುತ್ತಿರುವ ಹುಡುಗ, ಕಾರು ಓಡಿಸುತ್ತಾನೆ, ರಾಕೆಟ್ ಹುಚ್ಚು ಬೇರೆ. ಹೊರಡುವ ಮುಂಚೆಯೇ ಒಪ್ಪಂದ ಮಾಡಿಕೊಂಡೆವು. ಅವನು ರಾಕೆಟ್ ನೋಡುವಷ್ಟು ಹೊತ್ತು ನಾನು ಕಾಲು ನೋವು ಅನ್ನಬಾರದು. ನಾನು ಅಂಗಡಿಯಲ್ಲಿ ಇರುವಷ್ಟು ಹೊತ್ತು ಅವನು ಗಡಿಯಾರ ನೋಡಬಾರದು.

ನ್ಯಾಷನಲ್ ಏರ್ ಅಂಡ್ ಸ್ಪೇಸ್ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಆದರೆ ಇಂತಿಷ್ಟು ಹೊತ್ತಿಗೆ ಬರುತ್ತೇವೆ ಅಂತ ಮೊದಲೇ ಆನ್‌ಲೈನ್‌ನಲ್ಲಿ ಪಾಸ್ ತೆಗೆದುಕೊಳ್ಳಬೇಕು. 1976ರ ಜುಲೈ 1ರಂದು ಶುರುವಾದ ಮ್ಯೂಸಿಯಂ ಇದು. ಉದ್ಘಾಟನೆಯ ರಿಬ್ಬನ್ ಕತ್ತರಿಸಿದ್ದು ಮಂಗಳದ ಹತ್ತಿರ ಇದ್ದ ವೈಕಿಂಗ್ ನೌಕೆ ಕಳಿಸಿದ ಸಂಕೇತದಿಂದ! ಒಳಗೆ ಅಪೊಲೊ 11ರ ಕೊಲಂಬಿಯಾ ಕೋಶ ಇದೆ. ಚಂದ್ರನಿಂದ ಯಾನಿಗಳು ಮೂವರೂ ವಾಪಸ್ ಬಂದದ್ದು ಅದರಲ್ಲೇ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ತೊಟ್ಟಿದ್ದ ಉಡುಪೂ ಇದೆ. ಅದರ ರಿಪೇರಿಗೆ 2015ರಲ್ಲಿ ಜನರ ಹತ್ತಿರವೇ ದುಡ್ಡು ಕೇಳಿದ್ದರು. 7 ಲಕ್ಷ ಡಾಲರ್‌ಗಿಂತ ಜಾಸ್ತಿ ಬಂತು. ಹುಡುಗ ಆ ಉಡುಪಿನ ಮುಂದೆ ನಿಂತವನು ಅಲುಗಾಡಲಿಲ್ಲ. ನಾನು ಒಪ್ಪಂದದ ಪ್ರಕಾರ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತೆ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಗನಯಾತ್ರಿ ಐಸ್‌ಕ್ರೀಂ. ಯಾವ ಸ್ಪೇಸ್ ಮ್ಯೂಸಿಯಂಗೆ ಹೋದರೂ ಇದು ಇದ್ದೇ ಇರುತ್ತದೆ. ಚಪ್ಪಟೆ ಬೆಳ್ಳಿ ಬಣ್ಣದ ಪೊಟ್ಟಣ, ಒಳಗೆ ಸ್ಟ್ರಾಬೆರಿ, ವೆನಿಲ್ಲಾ, ಚಾಕೊಲೇಟ್ ಮೂರು ಪಟ್ಟೆಯ ಒಂದು ತುಂಡು. ಐಸ್‌ಕ್ರೀಮನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಸುತ್ತಲಿನ ಗಾಳಿಯನ್ನೆಲ್ಲ ಎಳೆದುಬಿಡುತ್ತಾರೆ. ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಉಳಿಯುವುದು ಒಣಗಿದ ಹಗುರ ತುಂಡು. ಹೊರಗೆ ಮೆಟ್ಟಿಲ ಮೇಲೆ ಕೂತು ಪೊಟ್ಟಣ ಹರಿದೆವು. ಮುರಿದರೆ ಟಪ್ಪನೆ ಮುರಿಯುತ್ತದೆ, ಬೆರಳಿಗೆಲ್ಲ ಗುಲಾಬಿ ಪುಡಿ. ಬಾಯಿಗೆ ಹಾಕಿಕೊಂಡರೆ ಮೊದಲು ಸಿಹಿ ಸೀಮೆಸುಣ್ಣ ಕಡಿದ ಹಾಗಾಗುತ್ತದೆ. ಆಮೇಲೆ ಎಂಜಲಿಗೆ ನೆನೆದು ನಾಲಿಗೆಗೆ ಅಂಟಿಕೊಂಡಾಗ ಹಾಲಿನ ರುಚಿ ಬರುತ್ತದೆ. ತಣ್ಣಗಂತೂ ಇರಲ್ಲ.

"ಚಿಕ್ಕಮ್ಮಾ, ಇದನ್ನ ಅವರು ನಿಜವಾಗ್ಲೂ ತಿಂತಿದ್ರಾ?" ಅಂತ ಕೇಳಿದ ಹುಡುಗ. ಒಳ್ಳೆಯ ಪ್ರಶ್ನೆ. 1968ರ ಅಪೊಲೊ 7ಕ್ಕೆ ಅಂತ ಇದನ್ನು ತಯಾರಿಸಿದ್ದು ಹೌದು. ಆದರೆ ಆ ಯಾನದಲ್ಲಿದ್ದ ವಾಲ್ಟ್ ಕನಿಂಗ್‌ಹ್ಯಾಮ್, ನಾವು ಅಂಥದ್ದೇನೂ ತಿನ್ನಲಿಲ್ಲ ಅಂದಿದ್ದರು. ನನ್ನ ತೊಡೆ ಮೇಲೆ ಉದುರಿದ ಪುಡಿ ನೋಡಿದರೆ ಕಾರಣ ಯಾರೂ ಹೇಳಿಕೊಡಬೇಕಿಲ್ಲ. ತೂಕವಿಲ್ಲದ ಕಡೆ ಈ ಪುಡಿಯೆಲ್ಲ ತೇಲಾಡಿ ಯಂತ್ರಗಳ ಸಂದಿಗೆ ಹೋಗುತ್ತದೆ, ಮೂಗಿಗೂ ಹೋಗುತ್ತದೆ. ಮುಂದೆ 1973ರಲ್ಲಿ ಹಾರಿದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ ಫ್ರೀಜರ್ ಇತ್ತು. ಅಲ್ಲಿದ್ದವರು ತಿಂದದ್ದು ಮಾಮೂಲಿ ತಣ್ಣನೆ ಐಸ್‌ಕ್ರೀಂ. ಅಂದರೆ ಈ ಪೊಟ್ಟಣ ಗಗನಯಾತ್ರಿಗಳಿಗಿಂತ ನಮ್ಮಂಥವರ ಹೊಟ್ಟೆಗೇ ಜಾಸ್ತಿ ಹೋಗಿದೆ. ಆದರೂ ಮಕ್ಕಳಿಗೆ ಕೊಡಲು ಇದಕ್ಕಿಂತ ಹಗುರವಾದ, ಅಗ್ಗದ ವಸ್ತು ಇಲ್ಲ. ಒಂದಷ್ಟು ತೆಗೆದುಕೊಂಡೆ.

ಎರಡನೆಯದು ಪೆನ್ನು. ಫಿಷರ್ ಸ್ಪೇಸ್ ಪೆನ್. ಅಮೆರಿಕದವರು ಕೋಟಿಗಟ್ಟಲೆ ಸುರಿದು ಪೆನ್ನು ಕಂಡುಹಿಡಿದರು, ರಷ್ಯಾದವರು ಸುಮ್ನೆ ಪೆನ್ಸಿಲ್ ಬಳಸಿದರು ಅನ್ನುವ ಜೋಕು ಎಲ್ಲರೂ ಕೇಳಿದ್ದೇವೆ. ಇದು ಪೂರ್ತಿ ಸುಳ್ಳು. ಮೊದಲು ನಾಸಾದವರೂ ಪೆನ್ಸಿಲ್ಲನ್ನೇ ಬಳಸುತ್ತಿದ್ದರು. 1965ರಲ್ಲಿ 34 ಮೆಕ್ಯಾನಿಕಲ್ ಪೆನ್ಸಿಲ್‌ಗಳನ್ನು ಒಂದಕ್ಕೆ 128 ಡಾಲರ್‌ಗಿಂತ ಹೆಚ್ಚು ಕೊಟ್ಟು ಕೊಂಡು ಬೈಸಿಕೊಂಡಿದ್ದರು. ಪೆನ್ನನ್ನು ಪಾಲ್ ಫಿಷರ್ ಅನ್ನುವವರು ಸ್ವಂತ ದುಡ್ಡಿನಲ್ಲೇ ಮಾಡಿದರು. ನಾಸಾ ಪರೀಕ್ಷೆ ಮಾಡಿ ಸುಮಾರು 400 ಪೆನ್ನು ಕೊಂಡಿತು, 1968ರ ಅಪೊಲೊ 7ರಲ್ಲಿ ಅವು ಮೇಲೆ ಹೋದವು. ಮಜಾ ಅಂದರೆ 1969ರಲ್ಲಿ ರಷ್ಯಾದವರೂ ಅದೇ ಪೆನ್ನು ತರಿಸಿಕೊಂಡರು. ಪೆನ್ಸಿಲ್ ಮೊನೆ ಮುರಿದರೆ ತುಂಡು ತೇಲುತ್ತದೆ, ಅದರ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಮರಕ್ಕೆ ಬೆಂಕಿ ಹತ್ತುತ್ತದೆ. ಈ ಪೆನ್ನಿನ ರೀಫಿಲ್‌ನಲ್ಲಿ ನೈಟ್ರೋಜನ್ ಅನಿಲ ಒತ್ತಿ ತುಂಬಿರುತ್ತಾರೆ. ಶಾಯಿ ಗಟ್ಟಿ ಜೆಲ್. ಮೊನೆಯ ಗುಂಡು ಉರುಳಿದಾಗ ಮಾತ್ರ ನೀರಾಗುತ್ತದೆ.

ಮಾದರಿಗೆ ಇಟ್ಟ ಪೆನ್ನಿನಲ್ಲಿ ಹುಡುಗ ತಲೆ ಮೇಲೆ ಕಾಗದ ಹಿಡಿದು ಬರೆದು ನೋಡಿದ. ಬರೆಯಿತು. ಅಗ್ಗದ ಒಂದು ಮಾದರಿ ಇದೆ, ಅಪೊಲೊ ಯಾನಿಗಳು ಒಯ್ದ ಎಜಿ-7 ಮಾದರಿಯೂ ಇದೆ. ಎಜಿ-7 ತುಂಬಾ ದುಬಾರಿ. ಆದರೆ ಕೊಂಡರೆ ಅದನ್ನೇ ಕೊಳ್ಳಬೇಕು. ಈ ಅಂಗಡಿಗಳಲ್ಲಿ ನಿಜವಾಗಿ ಮೇಲೆ ಹೋದ ವಸ್ತುವಿನ ತದ್ರೂಪ ಸಿಗುವುದೇ ಅಪರೂಪ. ಕೊಂಡೆ.

ಮಂಗಳವಾರ, ಶಾಂಟಿಲಿ

ಅದೇ ಮ್ಯೂಸಿಯಂನ ಇನ್ನೊಂದು ಭಾಗ ವರ್ಜೀನಿಯಾದ ಶಾಂಟಿಲಿಯಲ್ಲಿ, ಡಲ್ಲೆಸ್ ವಿಮಾನ ನಿಲ್ದಾಣದ ಪಕ್ಕ ಇದೆ. ಹೆಸರು ಉದ್ವಾರ್-ಹೇಜಿ ಸೆಂಟರ್. ಒಳಗೆ ಹೋಗಲು ದುಡ್ಡಿಲ್ಲ, ಕಾರು ನಿಲ್ಲಿಸಲು ಮಾತ್ರ ಕೊಡಬೇಕು. ದೊಡ್ಡ ಹ್ಯಾಂಗರ್ ತುಂಬಾ ವಿಮಾನಗಳು. ಅವುಗಳ ಹಿಂದೆ ಡಿಸ್ಕವರಿ ಶಟಲ್, ಅಂದರೆ ಮತ್ತೆ ಮತ್ತೆ ಹೋಗಿ ಬರುವ ಬಾಹ್ಯಾಕಾಶ ನೌಕೆ. 1984ರಿಂದ 2011ರವರೆಗೆ 39 ಸಲ ಹೋಗಿ ಬಂದದ್ದು. ಬೇರೆ ಯಾವ ಶಟಲ್ಲೂ ಅಷ್ಟು ಸಲ ಹೋಗಿಲ್ಲ. ಅದಕ್ಕೆ ಬಣ್ಣ ಹೊಡೆದು ಹೊಸದು ಮಾಡಿಲ್ಲ, ಅದೇ ಚೆಂದ. ಹೊಟ್ಟೆಯ ಕೆಳಗೆ ಶಾಖ ತಡೆಯಲು ಹಾಕಿದ ಕಪ್ಪು ಹೆಂಚುಗಳ ಮೇಲೆ ಸುಟ್ಟ ಗೆರೆಗಳು ಕಾಣುತ್ತವೆ.

ಈ ಹೆಂಚು ಸಿಕ್ಕಿದರೆ ಎಷ್ಟು ಚೆನ್ನ ಅನಿಸಿತು. ಸಿಗಲ್ಲ. ಶಟಲ್ ಯೋಜನೆ ಮುಗಿಯುವ ಹೊತ್ತಿಗೆ, 2010ರಲ್ಲಿ, ನಾಸಾ ಉಳಿದ ಹೆಂಚುಗಳನ್ನು ಶಾಲೆ ಕಾಲೇಜುಗಳಿಗೆ ಕಳಿಸುವ ಖರ್ಚು 23 ಡಾಲರ್ 40 ಸೆಂಟ್ ಮಾತ್ರ ಪಡೆದು ಕೊಟ್ಟಿತು. ಅಂಗಡಿಗೆ ಮಾತ್ರ ಬರಲಿಲ್ಲ. ಇಲ್ಲಿ ಸಿಗುವುದೆಲ್ಲ ಪ್ಲಾಸ್ಟಿಕ್ ಶಟಲ್, ಶಟಲ್ ಚಿತ್ರದ ಕಾಲುಚೀಲ, ಶಟಲ್ ಆಕಾರದ ದಿಂಬು.

ಟಿ ಶರ್ಟ್ ಸಾಲಿನಲ್ಲಿ ಎರಡು ನಾಸಾ ಲೋಗೊ ನೋಡಿ ಯಾವುದು ಅಸಲಿ ಅಂತ ಒಬ್ಬರು ಗಂಡನ ಹತ್ತಿರ ಜಗಳ ಆಡುತ್ತಿದ್ದರು. ಎರಡೂ ಅಸಲಿ. ನೀಲಿ ಗುಂಡು, ಅದರಲ್ಲಿ ನಕ್ಷತ್ರ, ಕೆಂಪು ರೆಕ್ಕೆ ಇರುವುದು 1959ರದ್ದು, ಅಡ್ಡಹೆಸರು ಮೀಟ್‌ಬಾಲ್. ಕೆಂಪು ಅಕ್ಷರಗಳಷ್ಟೇ ಬಳುಕಿಕೊಂಡಿರುವುದು ವರ್ಮ್, 1975ರದ್ದು. 1992ರಲ್ಲಿ ಅದನ್ನು ಕೈಬಿಟ್ಟರು, 2020ರಲ್ಲಿ ಮತ್ತೆ ತಂದರು. ಈ ಲೋಗೊ ಜಗತ್ತಿನ ಎಲ್ಲ ಬಟ್ಟೆ ಅಂಗಡಿಯಲ್ಲೂ ಇರುವುದಕ್ಕೆ ಕಾರಣ ಇದೆ. ಅದನ್ನು ಬಟ್ಟೆ ಮೇಲೆ ಹಾಕಲು ನಾಸಾ ದುಡ್ಡು ಕೇಳಲ್ಲ. ಒಪ್ಪಿಗೆ ಪಡೆದರೆ ಸಾಕು. ಹಾಗಾಗಿ ಬರೀ ಲೋಗೊ ಇರುವ ಟಿ ಶರ್ಟಿಗೆ ಮ್ಯೂಸಿಯಂ ಅಂಗಡಿಯಲ್ಲಿ ದುಡ್ಡು ಸುರಿಯುವುದು ದಂಡ. ಅದು ಎಲ್ಲಾದರೂ ಸಿಗುತ್ತದೆ.

ನನಗೆ ಬೇಕಿದ್ದದ್ದು ಪ್ಯಾಚ್. ಒಂದೊಂದು ಯಾನಕ್ಕೂ ಒಂದೊಂದು ಕಸೂತಿ ಲಾಂಛನ ಇರುತ್ತದೆ, ಯಾನಿಗಳ ಉಡುಪಿನ ಮೇಲೆ ಹೊಲಿಯುವುದು. ಅಪೊಲೊ 11ರದ್ದನ್ನು ಆ ಯಾನದ ಮೂವರಲ್ಲಿ ಒಬ್ಬರಾದ ಮೈಕಲ್ ಕಾಲಿನ್ಸ್ ರೂಪಿಸಿದರು. ಹದ್ದು ಚಂದ್ರನ ಮೇಲೆ ಇಳಿಯುತ್ತಿದೆ. ಮೊದಲ ಚಿತ್ರದಲ್ಲಿ ಆಲಿವ್ ರೆಂಬೆ ಹದ್ದಿನ ಕೊಕ್ಕಿನಲ್ಲಿತ್ತು. ಚಾಚಿದ ಬರೀ ಉಗುರುಗಳು ಜಗಳಗಂಟಿ ಥರ ಕಾಣುತ್ತವೆ ಅಂತ ರೆಂಬೆಯನ್ನು ಕಾಲಿಗೆ ಕೊಟ್ಟರು. ಮೂವರೂ ತಮ್ಮ ಹೆಸರು ಬೇಡ ಅಂದರು. ಆ ಕೆಲಸಕ್ಕೆ ದುಡಿದವರೆಲ್ಲರ ಪರವಾಗಿ ಇರಲಿ ಅಂತ.

ಪ್ಯಾಚ್ ಕೊಳ್ಳುವಾಗ ತಿರುಗಿಸಿ ನೋಡಬೇಕು. ಒಂದರಲ್ಲಿ ಮೇಲಿನಿಂದ ಕೆಳಗಿನವರೆಗೆ ದಾರ ಒತ್ತೊತ್ತಾಗಿ ತುಂಬಿತ್ತು. ಹದ್ದಿನ ರೆಕ್ಕೆಯಲ್ಲಿ ಕಂದು ದಾರ ಒಂದು ದಿಕ್ಕಿಗೆ, ಕತ್ತಿನ ಬಿಳಿ ದಾರ ಇನ್ನೊಂದು ದಿಕ್ಕಿಗೆ ಓಡಿತ್ತು. ಬೆಳಕಿಗೆ ಹಿಡಿದರೆ ಎರಡೂ ಬೇರೆ ಬೇರೆ ಹೊಳೆಯುತ್ತವೆ. ಅದರ ಪಕ್ಕದಲ್ಲೇ ಇದ್ದ ಕೀ ಚೈನಿನಲ್ಲಿ ಅದೇ ಚಿತ್ರ ಬಟ್ಟೆ ಮೇಲೆ ಅಚ್ಚು ಹಾಕಿದ್ದು. ಬೆಲೆ ಹೆಚ್ಚು ಕಡಿಮೆ ಅಷ್ಟೇ. ನಾಸಾಗೆ 1970ರ ಸುಮಾರಿನಿಂದ ಪ್ಯಾಚ್ ಮಾಡಿಕೊಡುತ್ತಿರುವುದು ನಾರ್ತ್ ಕೆರೊಲೈನಾದ ಎಬಿ ಎಂಬ್ಲೆಮ್ ಕಂಪನಿ. ಪೊಟ್ಟಣದ ಮೇಲೆ ಆ ಹೆಸರು ಇದ್ದರೆ ಯಾನಿಗಳ ತೋಳಿಗೆ ಹೊಲಿಯುವವರೇ ಮಾಡಿದ್ದು ಅಂತ ಅರ್ಥ. ಹತ್ತು ಡಾಲರ್ ಒಳಗೆ ಇಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಸಂಜೆ ವಿಮಾನದಲ್ಲಿ ಹಂಟ್ಸ್‌ವಿಲ್‌ಗೆ.

ಬುಧವಾರ, ಹಂಟ್ಸ್‌ವಿಲ್

ಅಲಬಾಮಾದ ಈ ಊರಿನಲ್ಲಿ ದಾರಿ ಕೇಳುವ ಅಗತ್ಯ ಇಲ್ಲ. ಹೆದ್ದಾರಿಯಿಂದಲೇ ನೆಟ್ಟಗೆ ನಿಂತ ಸ್ಯಾಟರ್ನ್ 5, ಅಪೊಲೊ ಯಾನಿಗಳನ್ನು ಚಂದ್ರನತ್ತ ಒಯ್ದ ರಾಕೆಟ್, ಕಾಣುತ್ತದೆ. ಅದು ಮಾದರಿ. ನಿಜವಾದದ್ದು ಒಳಗೆ ಮಲಗಿದೆ. ಹಾರಿದ ರಾಕೆಟ್ ಅಲ್ಲ, ನೆಲದ ಮೇಲೆ ಅಲುಗಾಡಿಸಿ ಪರೀಕ್ಷೆ ಮಾಡಿದ್ದು. ಪೂರ್ತಿ ಜೋಡಿಸಿದರೆ ಉದ್ದ 111 ಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ ಹುಡುಗ ವಾಪಸ್ ಬಂದು, "ಚಿಕ್ಕಮ್ಮಾ, ಇನ್ನೊಂದ್ ಸಲ ಹೋಗ್ಬರ್ತೀನಿ" ಅಂದ.

ಯು.ಎಸ್. ಸ್ಪೇಸ್ ಅಂಡ್ ರಾಕೆಟ್ ಸೆಂಟರ್‌ನ ಬಾಗಿಲ ಹತ್ತಿರ ಒಂದು ಸಮಾಧಿ ಇದೆ. ಮಿಸ್ ಬೇಕರ್ ಅನ್ನುವ ಪುಟ್ಟ ಕೋತಿಯದು. 1959ರ ಮೇ 28ರಂದು ಏಬಲ್ ಅನ್ನುವ ಇನ್ನೊಂದು ಕೋತಿಯ ಜೊತೆ ಬಾಹ್ಯಾಕಾಶಕ್ಕೆ ಹೋಗಿ ಜೀವಂತ ಬಂದದ್ದು. ಆಮೇಲೆ 1984ರವರೆಗೂ ಬದುಕಿತ್ತು. ಕಲ್ಲಿನ ಮೇಲೆ ಯಾರೋ ಬಾಳೆಹಣ್ಣು ಇಟ್ಟಿದ್ದರು. ಇಲ್ಲಿ ಬರುವವರ ವಾಡಿಕೆ ಅದು. ಅಂಗಡಿಯಲ್ಲಿ ಗಗನಯಾತ್ರಿ ಉಡುಪಿನ ಕೋತಿ ಗೊಂಬೆ ನೋಡಿದ್ದೇ ಯೋಚನೆ ಮಾಡದೆ ಎತ್ತಿಕೊಂಡೆ. ಸಮಾಧಿ ನೋಡದೆ ಇದ್ದಿದ್ದರೆ ಅದು ಬರೀ ಗೊಂಬೆ.

ಇದೇ ಈ ಪ್ರವಾಸದಲ್ಲಿ ನನಗೆ ಹತ್ತಿದ ಲೆಕ್ಕ. ಎಲ್ಲ ಅಂಗಡಿಗಳ ಮುಕ್ಕಾಲು ಪಾಲು ಸಾಮಾನು ಒಂದೇ. ಅದೇ ಐಸ್‌ಕ್ರೀಂ, ಅದೇ ಪೆನ್ನು, ಅದೇ ಕಾಲುಚೀಲ. ಉಳಿದ ಕಾಲು ಪಾಲಿನಲ್ಲಿ ಆ ಜಾಗದ್ದೇ ಆದ ಒಂದೆರಡು ಇರುತ್ತವೆ. ಅದನ್ನು ಹುಡುಕಬೇಕು. ಹಂಟ್ಸ್‌ವಿಲ್‌ನಲ್ಲಿ ಅಂಥದ್ದು ಸ್ಪೇಸ್ ಕ್ಯಾಂಪಿನ ಬಟ್ಟೆಗಳು. 1982ರಿಂದ ಇಲ್ಲಿ ಮಕ್ಕಳಿಗೆ ಶಿಬಿರ ನಡೆಯುತ್ತಿದೆ. ಅವರು ಹಾಕುವ ನೀಲಿ ಹಾರಾಟದ ಉಡುಪು, ಎದೆ ಮೇಲೆ ಹೆಸರಿನ ಪಟ್ಟಿ, ಎಲ್ಲ ಇಲ್ಲೇ ಸಿಗುತ್ತದೆ. ಹುಡುಗನ ಅಳತೆಯದೂ ಇತ್ತು. ಹಾಕಿಕೊಂಡು ಕನ್ನಡಿ ಮುಂದೆ ನಿಂತ. ಬೆಲೆಚೀಟಿ ನೋಡಿ ಬಿಚ್ಚಿಟ್ಟ.

ಅವನಿಗೆ ಬೇಕಿದ್ದದ್ದು ಲೆಗೊ ಸ್ಯಾಟರ್ನ್ 5. 2017ರಲ್ಲಿ ಬಂದದ್ದು, ಕಟ್ಟಿದರೆ ಒಂದು ಮೀಟರ್ ಎತ್ತರ, ಚಂದ್ರನ ಮೇಲೆ ಇಳಿದ ವರ್ಷ ಅಂತ ಬೇಕಂತಲೇ 1969 ತುಂಡು ಇಟ್ಟಿದ್ದರು. ಈಗ ಅದನ್ನು ಮಾಡುವುದು ನಿಲ್ಲಿಸಿದ್ದಾರೆ. ಇನ್ನೂ ಯಾವುದಾದರೂ ಅಂಗಡಿಯ ಮೂಲೆಯಲ್ಲಿ ಉಳಿದಿರಬಹುದು ಅಂತ ಇವನ ಆಸೆ. ಉಳಿದಿರಲಿಲ್ಲ.

ಒಂದು ಮಾತು. ಅಮೆರಿಕದಲ್ಲಿ ಚೀಟಿಯ ಮೇಲಿನ ಬೆಲೆ ಪೂರ್ತಿ ಬೆಲೆ ಅಲ್ಲ. ಮಾರಾಟ ತೆರಿಗೆ ಬಿಲ್ಲು ಮಾಡುವಾಗ ಸೇರುತ್ತದೆ, ಊರಿಂದ ಊರಿಗೆ ಬೇರೆ. ಹಂಟ್ಸ್‌ವಿಲ್‌ನಲ್ಲಿ ಶೇ 9, ಹ್ಯೂಸ್ಟನ್‌ನಲ್ಲಿ ಶೇ 8.25, ಫ್ಲೋರಿಡಾದ ಕೆನಡಿ ಸ್ಪೇಸ್ ಸೆಂಟರ್ ಇರುವ ಬ್ರೆವಾರ್ಡ್ ಕೌಂಟಿಯಲ್ಲಿ ಶೇ 7. ದೊಡ್ಡ ವಸ್ತು ಕೊಳ್ಳುವುದಿದ್ದರೆ ಇದನ್ನೂ ನೋಡಿಕೊಳ್ಳಿ.

ಗುರುವಾರ, ದಾರಿಯಲ್ಲಿ

ಬೆಳಿಗ್ಗೆಯಿಂದ ರಾತ್ರಿವರೆಗೆ ಕಾರು. ಅಟ್ಲಾಂಟಾ ದಾಟಿ, ಜಾರ್ಜಿಯಾ ಉದ್ದಕ್ಕೂ ಇಳಿದು ಫ್ಲೋರಿಡಾ. ನೋಡುವಂಥದ್ದೇನೂ ಇಲ್ಲ. ಕೋತಿ ಗೊಂಬೆಗೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿದ್ದ ಹುಡುಗ.

ಶುಕ್ರವಾರ, ಕೆನಡಿ ಸ್ಪೇಸ್ ಸೆಂಟರ್

ಇಲ್ಲಿ ಟಿಕೆಟ್ಟೇ ಜೋರು. ಒಬ್ಬರಿಗೆ 70 ಡಾಲರ್ ದಾಟುತ್ತದೆ. ಹಾಗಾಗಿ ಜನ ಬೆಳಿಗ್ಗೆ ಬಂದು ಸಂಜೆವರೆಗೂ ಇರುತ್ತಾರೆ, ಅಂಗಡಿ ತುಂಬುವುದು ಬಾಗಿಲು ಹಾಕುವ ಮುಂಚಿನ ಒಂದು ಗಂಟೆಯಲ್ಲಿ. ನಾವು ಮಧ್ಯಾಹ್ನವೇ ಹೋದೆವು. ಸ್ಪೇಸ್ ಶಾಪ್ ಅನ್ನುವುದು ಎರಡು ಮಹಡಿಯ ಅಂಗಡಿ. ನಾಸಾ ಸಾಮಾನು ಇಷ್ಟೊಂದು ಒಟ್ಟಿಗೆ ಬೇರೆಲ್ಲೂ ನೋಡಿಲ್ಲ.

ಆದರೆ ಮೊದಲು ಅಟ್ಲಾಂಟಿಸ್. ಈ ಶಟಲ್ಲನ್ನು ನೆಲದ ಮೇಲೆ ನಿಲ್ಲಿಸಿಲ್ಲ. ಕಕ್ಷೆಯಲ್ಲಿ ಹಾರುತ್ತಿರುವಂತೆ ಮೇಲೆ ಎತ್ತಿ, ವಾಲಿಸಿ, ಸರಕಿನ ಕೋಣೆಯ ಬಾಗಿಲು ತೆರೆದು ಇಟ್ಟಿದ್ದಾರೆ. ವಾಲಿಸಿದ ಕೋನ 43.21 ಡಿಗ್ರಿ. ನಾಲ್ಕು, ಮೂರು, ಎರಡು, ಒಂದು! ಹುಡುಗನಿಗೆ ಇದು ಗೊತ್ತಿತ್ತು. ಆದರೂ ಪಕ್ಕದಲ್ಲಿ ನಿಂತ ಅಪರಿಚಿತರಿಗೆಲ್ಲ ಹೇಳಿದ.

ಅದೇ ಕಟ್ಟಡದ ಕೆಳಗೆ ಇನ್ನೊಂದು ಕೋಣೆ ಇದೆ. 2015ರಲ್ಲಿ ತೆರೆದದ್ದು. ಅಲ್ಲಿ 1986ರ ಜನವರಿ 28ರಂದು ನಾಶವಾದ ಚಾಲೆಂಜರ್ ಶಟಲ್ಲಿನ ಮೈಯ ಒಂದು ತುಂಡು, 2003ರ ಫೆಬ್ರವರಿ 1ರಂದು ನಾಶವಾದ ಕೊಲಂಬಿಯಾ ಶಟಲ್ಲಿನ ಕಿಟಕಿ ಚೌಕಟ್ಟುಗಳು ಇವೆ. ಅವುಗಳಲ್ಲಿ ತೀರಿಕೊಂಡ ಹದಿನಾಲ್ಕು ಜನರಿಗೆ ಒಬ್ಬೊಬ್ಬರಿಗೂ ಒಂದೊಂದು ಕಪಾಟು, ಅವರವರಿಗೆ ಸೇರಿದ ವಸ್ತುಗಳು. ಕಲ್ಪನಾ ಚಾವ್ಲಾ ಅವರ ಕಪಾಟಿನ ಮುಂದೆ ನಾನೂ ಹುಡುಗನೂ ಏನೂ ಮಾತಾಡಲಿಲ್ಲ. 1997ರಲ್ಲಿ ಅವರು ಮೊದಲ ಸಲ ಹೋದಾಗ ಇವನು ಹುಟ್ಟೇ ಇರಲಿಲ್ಲ. ನನಗೆ ಪೇಪರಿನಲ್ಲಿ ಬಂದ ಫೋಟೊ ಇನ್ನೂ ನೆನಪಿದೆ.

ಅಲ್ಲಿಂದ ಹೊರಗೆ ಬಂದು ಅಂಗಡಿಗೆ ಕಾಲಿಟ್ಟರೆ ಒಂದು ಥರ ಕಸಿವಿಸಿ. ಆಟದ ಸಾಮಾನಿನ ಸದ್ದು, ಮಕ್ಕಳ ಹಟ. ಪ್ಯಾಚ್‌ಗಳ ಗೋಡೆ ಹತ್ತಿರ ಹೋದೆ. ಶಟಲ್ ಯಾನಗಳ ಪ್ಯಾಚ್‌ಗಳು ಸಾಲಾಗಿ ನೇತಾಡುತ್ತಿದ್ದವು. ಹುಡುಕಿದೆ, ಸಿಕ್ಕಿತು. ಎಸ್‌ಟಿಎಸ್-107, ಕೊಲಂಬಿಯಾದ ಆ ಕೊನೆಯ ಯಾನದ್ದು. ಉಳಿದವು ಬಹುಪಾಲು ಗುಂಡಗೆ ಅಥವಾ ಮೊಟ್ಟೆಯಾಕಾರ. ಇದರ ಅಂಚು ಶಟಲ್ಲಿನದೇ ಆಕಾರ. ಒಳಗೆ ಒಂದು ಕಡೆ ಏಳು ನಕ್ಷತ್ರ, ಕೊಲಂಬಾ ನಕ್ಷತ್ರಪುಂಜದ್ದು. ಅಂಚಿನ ಸುತ್ತ ಏಳು ಹೆಸರು. ಚಾವ್ಲಾ ಅನ್ನುವ ಹೆಸರಿನ ಮೇಲೆ ಬೆರಳಾಡಿಸಿದರೆ ದಾರದ ಉಬ್ಬು ಸಿಗುತ್ತದೆ. ಈ ಪ್ಯಾಚಿನ ವಿನ್ಯಾಸಕ್ಕೆ ಹೆಚ್ಚು ಕೆಲಸ ಮಾಡಿದವರು ಅದೇ ಯಾನದಲ್ಲಿದ್ದ ಲಾರೆಲ್ ಕ್ಲಾರ್ಕ್.

"ಇದು ತಗೋತೀಯಾ ಚಿಕ್ಕಮ್ಮಾ?"

"ಎರಡು ತಗೋ ಕಣೋ. ನಿಂಗೊಂದು."

ನಾಣ್ಯಗಳ ಕಪಾಟಿನ ಮುಂದೆ ಸ್ವಲ್ಪ ಹುಷಾರಾಗಿರಬೇಕು. ಬಾಹ್ಯಾಕಾಶಕ್ಕೆ ಹೋಗಿ ಬಂದ ಲೋಹ ಸೇರಿಸಿ ಮಾಡಿದ್ದು ಅಂತ ಬರೆದ ಪದಕಗಳು ಇರುತ್ತವೆ. ಸುಳ್ಳಲ್ಲ. ಹೋಗಿ ಬಂದ ಲೋಹದ ಸ್ವಲ್ಪವನ್ನು ಬೇರೆ ಲೋಹದ ಜೊತೆ ಕರಗಿಸಿ ಹುಯ್ದಿರುತ್ತಾರೆ. ನಿಮ್ಮ ಪದಕದಲ್ಲಿ ಅದು ಎಷ್ಟಿದೆ ಅನ್ನುವುದು ಸಣ್ಣ ಅಕ್ಷರದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪೊಲೊ ಕಾಲದಲ್ಲಿ ಯಾನಿಗಳು ತಮ್ಮ ಜೊತೆ ಒಯ್ಯುತ್ತಿದ್ದ ರಾಬಿನ್ಸ್ ಬೆಳ್ಳಿ ಪದಕಗಳ ಕಥೆಯೇ ಬೇರೆ. ಅವನ್ನು ಯಾನಿಗಳಿಗೆ ಮಾತ್ರ ಮಾರುತ್ತಿದ್ದರು. ಈಗ ಹರಾಜಿನಲ್ಲಿ ಕಾಣಿಸುತ್ತವೆ, ಗಿಫ್ಟ್ ಶಾಪಿನಲ್ಲಲ್ಲ.

ಹುಡುಗ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಒತ್ತುವ ಯಂತ್ರದ ಹತ್ತಿರ ಓಡಿದ. ಈ ಯಂತ್ರ ಅಮೆರಿಕದ ಪ್ರವಾಸಿ ಜಾಗಗಳಲ್ಲೆಲ್ಲ ಇದೆ. ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ), ಒಂದು ಪೆನ್ನಿ ಹಾಕಬೇಕು. ಬೇಕಾದ ಚಿತ್ರ ಆರಿಸಿ ಹಿಡಿ ತಿರುಗಿಸಬೇಕು. ಗಾಜಿನ ಹಿಂದೆ ಹಲ್ಲಿನ ಚಕ್ರಗಳು ನಿಧಾನ ಸುತ್ತುತ್ತವೆ. ಒಂದು ಕಡೆ ಹಿಡಿ ಗಟ್ಟಿಯಾಗುತ್ತದೆ, ಭುಜ ಕೊಟ್ಟು ಎಳೆಯಬೇಕು. ಆಮೇಲೆ ಸಡಿಲ. ಟಣ್ ಅಂತ ಕೆಳಗಿನ ಬಟ್ಟಲಿಗೆ ಉದ್ದನೆಯ ತಗಡು ಬೀಳುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ. ಲಿಂಕನ್ ಮುಖ ಹೋಗಿ ಶಟಲ್ ಬಂದಿರುತ್ತದೆ.

ಇಲ್ಲೊಂದು ಗುಟ್ಟಿದೆ. 1982ಕ್ಕೆ ಮುಂಚಿನ ಪೆನ್ನಿಯಲ್ಲಿ ಶೇ 95 ತಾಮ್ರ. ಆಮೇಲಿನವು ಸತು, ಮೇಲೆ ತೆಳ್ಳನೆ ತಾಮ್ರದ ಲೇಪ ಅಷ್ಟೇ. ಹೊಸದನ್ನು ಒತ್ತಿದರೆ ಲೇಪ ಹರಿದು ಬೂದು ಗೆರೆಗಳು ಕಾಣುತ್ತವೆ. ಹಳೆಯದು ಉದ್ದಕ್ಕೂ ಕೆಂಪಗೆ ಹೊಳೆಯುತ್ತದೆ. ಹಾಗಾಗಿ ಇದರ ಹುಚ್ಚು ಇರುವವರು ಹಳೆ ಪೆನ್ನಿಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ನಮ್ಮ ಹುಡುಗನ ಹತ್ತಿರ ಒಂದು ಡಬ್ಬಿಯೇ ಇತ್ತು. 2025ರ ನವೆಂಬರ್‌ನಲ್ಲಿ ಟಂಕಸಾಲೆ ಬಳಕೆಯ ಪೆನ್ನಿ ಮಾಡುವುದನ್ನೇ ನಿಲ್ಲಿಸಿತು. ಇನ್ನು ಮುಂದೆ ಆ ಡಬ್ಬಿಗೆ ಬೆಲೆ ಜಾಸ್ತಿ ಅಂತ ಅವನ ವಾದ.

ಶನಿವಾರ, ಮತ್ತೆ ಅಲ್ಲೇ

ಬಸ್ಸಿನಲ್ಲಿ ಅಪೊಲೊ ಸ್ಯಾಟರ್ನ್ 5 ಸೆಂಟರ್‌ಗೆ ಕರೆದುಕೊಂಡು ಹೋಗುತ್ತಾರೆ. ದಾರಿಯಲ್ಲಿ ರಾಕೆಟ್ ಜೋಡಿಸುವ ಕಟ್ಟಡ, 160 ಮೀಟರ್ ಎತ್ತರ. ಸೆಂಟರ್‌ನಲ್ಲೂ ಒಂದು ಅಂಗಡಿ. ಅಲ್ಲಿ ಸಾಮಾನು ಕಡಿಮೆ, ಆದರೆ ಅಪೊಲೊ ಸಾಮಾನೇ ಜಾಸ್ತಿ. ನನಗೆ ಮುಖ್ಯ ಅಂಗಡಿಗಿಂತ ಇದೇ ಹಿಡಿಸಿತು.

ವಾಪಸ್ ಬಂದು ಉಲ್ಕೆಯ ತುಂಡು ನೋಡಿದೆ. ಇದನ್ನು ನಾನು ಮೊದಲಿನಿಂದಲೂ ಕೊಳ್ಳಬೇಕು ಅಂದುಕೊಂಡಿದ್ದೆ. ಬಾಹ್ಯಾಕಾಶದ ಅಂಗಡಿಯಲ್ಲಿ ಬಾಹ್ಯಾಕಾಶದಿಂದಲೇ ಬಂದ ವಸ್ತು ಅಂತ ಇರುವುದು ಇದೊಂದೇ ತಾನೆ? ಸಣ್ಣ ಡಬ್ಬಿ, ಒಳಗೆ ಕಪ್ಪು ಕಬ್ಬಿಣದ ಗಟ್ಟಿ, ಜೊತೆಗೆ ಒಂದು ಚೀಟಿ. ಚೀಟಿಯಲ್ಲಿ ಕಾಂಪೊ ಡೆಲ್ ಸಿಯೆಲೊ ಅಂತ ಇತ್ತು. ಅರ್ಜೆಂಟೀನಾದಲ್ಲಿ ಬಿದ್ದದ್ದು. ಅಲ್ಲಿ ಟನ್‌ಗಟ್ಟಲೆ ಸಿಕ್ಕಿರುವುದರಿಂದ ಅಗ್ಗ. ರಷ್ಯಾದಲ್ಲಿ 1947ರಲ್ಲಿ ಬಿದ್ದ ಸಿಖೋಟೆ ಅಲಿನ್ ತುಂಡುಗಳೂ ಕೆಲವು ಕಡೆ ಸಿಗುತ್ತವೆ.

ಚೀಟಿಯಲ್ಲಿ ಎಲ್ಲಿ ಬಿದ್ದದ್ದು ಅಂತ ಹೆಸರು ಇಲ್ಲದಿದ್ದರೆ ಮುಟ್ಟಬೇಡಿ. ಅಯಸ್ಕಾಂತಕ್ಕೆ ಅಂಟಿದರೆ ಸಾಲದು, ಹಳೆ ಮೊಳೆಯೂ ಅಂಟುತ್ತದೆ. ಕತ್ತರಿಸಿ ನಯ ಮಾಡಿ ಆಸಿಡ್ ಹಾಕಿದ ತುಂಡು ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತೆಗೆದುಕೊಳ್ಳಿ. ಅದರಲ್ಲಿ ಒಂದರ ಮೇಲೊಂದು ಹಾಯುವ ನೇರ ಪಟ್ಟಿಗಳು ಕಾಣುತ್ತವೆ. ಕಬ್ಬಿಣ ಮತ್ತು ನಿಕ್ಕಲ್ ಲಕ್ಷಾಂತರ ವರ್ಷಗಳಲ್ಲಿ ಬಲು ನಿಧಾನ ತಣ್ಣಗಾದರೆ ಮಾತ್ರ ಹೀಗೆ ಹರಳುಗಟ್ಟುತ್ತವೆ. ಕುಲುಮೆಯಲ್ಲಿ ಮಾಡಲು ಬರಲ್ಲ. ಇನ್ನೊಂದು, ಕಾಂಪೊ ತುಂಡಿಗೆ ತುಕ್ಕು ಹಿಡಿಯುವುದು ಜಾಸ್ತಿ. ಮುಚ್ಚಿದ ಡಬ್ಬಿಯಲ್ಲೇ ಇರಲಿ, ಬೆವರಿದ ಕೈಯಲ್ಲಿ ಎಲ್ಲರಿಗೂ ತೋರಿಸಬೇಡಿ. ನಾನು ಕೊಂಡದ್ದು ಚಿಕ್ಕ ತುಂಡು. ಕೈಯಲ್ಲಿ ಇಟ್ಟರೆ ನೋಡಲು ಕಾಣುವುದಕ್ಕಿಂತ ಭಾರ.

ಭಾನುವಾರ, ಒರ್ಲಾಂಡೊ

ಹ್ಯೂಸ್ಟನ್ ವಿಮಾನಕ್ಕೆ ಹೊರಟೆವು. ವಿಮಾನ ನಿಲ್ದಾಣದಲ್ಲೂ ಕೆನಡಿ ಸ್ಪೇಸ್ ಸೆಂಟರ್‌ನ ಅಂಗಡಿ ಇದೆ. ಮರೆತದ್ದನ್ನು ಇಲ್ಲಿ ಕೊಳ್ಳಬಹುದು. ಕೆನಡಿಗೆ ಹೋಗದೆಯೇ ಹೋಗಿ ಬಂದೆ ಅನ್ನಲೂಬಹುದು. ಹುಡುಗ ಮತ್ತೊಂದು ಸಲ ಲೆಗೊ ಹುಡುಕಿದ.

ಸೋಮವಾರ, ಹ್ಯೂಸ್ಟನ್

ಸ್ಪೇಸ್ ಸೆಂಟರ್ ಹ್ಯೂಸ್ಟನ್ 1992ರಲ್ಲಿ ಶುರುವಾದದ್ದು. ಅಲ್ಲಿಂದ ಟ್ರ್ಯಾಮ್ ಹತ್ತಿದರೆ ಪಕ್ಕದ ಜಾನ್ಸನ್ ಸ್ಪೇಸ್ ಸೆಂಟರ್ ಒಳಗೆ ಕರೆದುಕೊಂಡು ಹೋಗುತ್ತಾರೆ. ಹಳೆಯ ಮಿಷನ್ ಕಂಟ್ರೋಲ್ ಕೋಣೆ ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಜಾಗ. ಅಪೊಲೊ 11ನ್ನು ಇಳಿಸಿದ್ದು, ಅಪೊಲೊ 13ನ್ನು ವಾಪಸ್ ತಂದದ್ದು ಈ ಕೋಣೆಯಿಂದ. 2019ರಲ್ಲಿ 50 ಲಕ್ಷ ಡಾಲರ್ ಖರ್ಚು ಮಾಡಿ ಮೊದಲಿದ್ದ ಹಾಗೇ ಮಾಡಿದರು. ಅದರಲ್ಲಿ 35 ಲಕ್ಷ ಕೊಟ್ಟದ್ದು ಪಕ್ಕದ ವೆಬ್‌ಸ್ಟರ್ ಅನ್ನುವ ಪುಟ್ಟ ಊರು.

ಗಾಜಿನ ಹಿಂದೆ ಕೂತು ನೋಡಬೇಕು. ಪರದೆಗಳು ಬೆಳಗುತ್ತವೆ. ಮೇಜುಗಳ ಮೇಲೆ ಆ ಕಾಲದ ಕಾಫಿ ಲೋಟ, ಬೂದಿ ತಟ್ಟೆ, ಸಿಗರೇಟು ಪ್ಯಾಕು. ಅವನ್ನೆಲ್ಲ ಹಳೆಯ ಫೋಟೊ ನೋಡಿ ಹುಡುಕಿ ತಂದಿದ್ದಾರೆ, ಕೆಲವನ್ನು ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ. ಅಂದರೆ ನಾನು ಮಾಡುತ್ತಿರುವ ಕೆಲಸವನ್ನೇ ಅವರೂ ಮಾಡಿದ್ದಾರೆ, ದೊಡ್ಡ ಮಟ್ಟದಲ್ಲಿ. ಸರಿಯಾದ ವಸ್ತು ಸಿಗುವವರೆಗೆ ಹುಡುಕುವುದು.

ಚಂದ್ರನ ಕಲ್ಲನ್ನು ಇಲ್ಲಿ ಮುಟ್ಟಬಹುದು. ಎಷ್ಟೋ ಬೆರಳು ಸವರಿ ನುಣ್ಣಗಾಗಿದೆ. ಕೊಳ್ಳಲಂತೂ ಆಗಲ್ಲ. ಅಪೊಲೊ ಯಾನಿಗಳು ತಂದ 382 ಕಿಲೊ ಕಲ್ಲು ಮಣ್ಣೆಲ್ಲ ಸರ್ಕಾರದ್ದು. 2002ರಲ್ಲಿ ಜಾನ್ಸನ್ ಸೆಂಟರ್‌ನಲ್ಲೇ ಇಂಟರ್ನ್ ಆಗಿದ್ದ ಹುಡುಗ ಹುಡುಗಿಯರು ಸುಮಾರು 270 ಕಿಲೊದ ತಿಜೋರಿಯನ್ನೇ ಹೊತ್ತುಕೊಂಡು ಹೋಗಿ ಚಂದ್ರನ ಕಲ್ಲು ಮಾರಲು ನೋಡಿದ್ದರು. ಒರ್ಲಾಂಡೊದಲ್ಲಿ ಎಫ್‌ಬಿಐ ಕೈಗೆ ಸಿಕ್ಕಿಬಿದ್ದರು. ಹಾಗಾಗಿ ಯಾರಾದರೂ ಅಪೊಲೊ ಕಲ್ಲು ಮಾರುತ್ತೇನೆ ಅಂದರೆ ಒಂದೋ ಸುಳ್ಳು, ಇಲ್ಲವೇ ಕಳವು.

ಅಂಗಡಿಯಲ್ಲಿ ಎದುರಿಗೇ "ಫೇಲ್ಯೂರ್ ಈಸ್ ನಾಟ್ ಆನ್ ಆಪ್ಷನ್" ಅಂತ ಬರೆದ ಟಿ ಶರ್ಟ್. ಅಪೊಲೊ 13ರ ಹೊತ್ತಿನಲ್ಲಿ ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಜ್ ಹೇಳಿದ್ದು ಅಂತ ಎಲ್ಲರೂ ನಂಬಿದ್ದಾರೆ. ಆ ದಿನಗಳಲ್ಲಿ ಅವರು ಹಾಗೆ ಹೇಳಿರಲಿಲ್ಲ. ಮುಂದೆ ಸಿನಿಮಾದವರು ಬರೆದ ಮಾತು ಅದು. ಕ್ರಾಂಜ್‌ಗೂ ಹಿಡಿಸಿತು, 2000ದಲ್ಲಿ ತಮ್ಮ ಆತ್ಮಕಥೆಗೆ ಅದೇ ಹೆಸರು ಇಟ್ಟರು. ಅವರೇ ಒಪ್ಪಿಕೊಂಡ ಮೇಲೆ ಟಿ ಶರ್ಟಿನದ್ದೇನು ತಪ್ಪು ಅಂತ ಹುಡುಗ ಕೊಂಡ. ನಾನು ಮಿಷನ್ ಕಂಟ್ರೋಲ್ ಲಾಂಛನ ಇರುವ ಕಾಫಿ ಮಗ್ ಹಿಡಿದುಕೊಂಡೆ. ಆ ಮೇಜುಗಳ ಮೇಲಿನ ಲೋಟ ನೋಡಿ ಬಂದ ಮೇಲೆ ಬೇರೆ ಏನೂ ಬೇಕು ಅನಿಸಲಿಲ್ಲ.

ಹುಡುಗನ ಕೈಯಲ್ಲಿ ಇನ್ನೊಂದು ಇತ್ತು. ಗಾಜಿನ ಗುಂಡು, ಒಳಗೆ ನೀರು, ಅಲ್ಲಾಡಿಸಿದರೆ ಗಗನಯಾತ್ರಿ ಮೇಲೆ ಮಿನುಗು ಸುರಿಯುತ್ತದೆ. ಒಳ್ಳೆ ದೊಡ್ಡದೇ. "ಲೋ, ಇದನ್ನ ಕೈಚೀಲದಲ್ಲಿ ಬಿಡಲ್ಲ ಕಣೋ" ಅಂದೆ. ಇಲ್ಲಿನ ವಿಮಾನ ತಪಾಸಣೆಯಲ್ಲಿ ಇಂಥ ಗುಂಡಿಗೂ ನೀರಿನ ನಿಯಮವೇ. ಟೆನಿಸ್ ಚೆಂಡಿನಷ್ಟು ಚಿಕ್ಕದಾಗಿದ್ದರೆ, ಒಳಗೆ 100 ಮಿಲಿಗಿಂತ ಕಡಿಮೆ ಇದ್ದರೆ ಒಳಗೆ ಬಿಡುತ್ತಾರೆ. ದೊಡ್ಡದು ದೊಡ್ಡ ಪೆಟ್ಟಿಗೆಗೇ ಹೋಗಬೇಕು. ಅವನು ಹೋಗಿ ಚಿಕ್ಕದಕ್ಕೆ ಬದಲಾಯಿಸಿಕೊಂಡು ಬಂದ.

ರಾತ್ರಿ ಹೋಟೆಲಿನಲ್ಲಿ ಎಲ್ಲ ಹಾಸಿಗೆ ಮೇಲೆ ಹರಡಿದೆವು. ಪ್ಯಾಚ್‌ಗಳು ಪುಸ್ತಕದ ಹಾಳೆಗಳ ನಡುವೆ, ಮಡಚದ ಹಾಗೆ. ಮಗ್ ಒಳಗೆ ಕಾಲುಚೀಲ ತುರುಕಿ, ಹೊರಗೆ ಟಿ ಶರ್ಟ್ ಸುತ್ತಿ, ಪೆಟ್ಟಿಗೆಯ ನಡುವೆ. ಪೆನ್ನು, ಉಲ್ಕೆ, ಒತ್ತಿದ ಪೆನ್ನಿಗಳು ಕೈಚೀಲದಲ್ಲಿ. ಕಬ್ಬಿಣದ ಗಟ್ಟಿ ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುತ್ತದೆ, ಕೇಳಿದರೆ ತೋರಿಸಬೇಕು, ಅದಕ್ಕೆ ಚೀಟಿ ಡಬ್ಬಿಯ ಜೊತೆಯಲ್ಲೇ ಇರಲಿ. ಬಿಲ್ಲುಗಳನ್ನು ಹುಡುಗ ಕೂಡಿಸಲು ಹೊರಟ. ಬೇಡ ಅಂದೆ.